ವಿಮಾನ ನಿಲ್ದಾಣದಲ್ಲಿ ಸೋದರಮಾವ

ನಮ್ಮೂರಿನಲ್ಲಿ ಸುಳ್ಳು ಹೇಳಿದರೆ ಕಾಫಿ ಆರಿಹೋಗುತ್ತದೆ. ಹೇಳಿದವನ ಮುಂದಿರುವ ಕಾಫಿ ಮಾತ್ರ, ಪಕ್ಕದವನ ಲೋಟಕ್ಕೆ ಏನೂ ಆಗುವುದಿಲ್ಲ. ಆರುವುದೆಂದರೆ ನಿಧಾನವಾಗಿ ಅಲ್ಲ. ಮಾತು ಮುಗಿಯುವಷ್ಟರಲ್ಲಿ ಬಾವಿಯಿಂದ ಸೇದಿದ ನೀರಿನ ಹಾಗೆ ತಣ್ಣಗಾಗಿ, ಮೇಲೆ ಕೆನೆ ಕಟ್ಟಿರುತ್ತದೆ. ಹೊರಗಿನಿಂದ ಬಂದವರು ನಮ್ಮೂರ ಕಾಫಿ ರುಚಿಯೇನೋ ಹೌದು, ಯಾಕೋ ತಣ್ಣಗೆ ಕೊಡುತ್ತಾರೆ ಎಂದು ಹೇಳಿಕೊಂಡು ಹೋಗುತ್ತಾರೆ. ನಾವು ಯಾರೂ ಅವರನ್ನು ತಿದ್ದಲು ಹೋಗುವುದಿಲ್ಲ.

ಊರು ಇದಕ್ಕೆ ಯಾವತ್ತೋ ಒಗ್ಗಿಹೋಗಿದೆ. ಮನೆ ಬಾಡಿಗೆಗೆ ಕೊಡುವವರು ಇಡೀ ದಿನ ನೀರು ಬರುತ್ತದೆ ಎಂದು ಹೇಳುವಾಗ ಮಜ್ಜಿಗೆ ಕುಡಿಯುತ್ತಿರುತ್ತಾರೆ. ಚುನಾವಣೆ ಬಂತೆಂದರೆ ಬೀದಿಬೀದಿಯಲ್ಲಿ ಬಾದಾಮಿ ಹಾಲು. ಬಸ್ ಸ್ಟ್ಯಾಂಡಿನ ಹಿಂದೆ ಒಂದೇ ಒಂದು ಟೀ ಅಂಗಡಿಯಿದೆ, ಸದಾ ತುಂಬಿರುತ್ತದೆ. ಅಲ್ಲಿಂದ ಹೊರಗೆ ಬರುವವರನ್ನು ಕಂಡರೆ ಮುಖ ಆಚೆ ತಿರುಗಿಸಿಕೊಳ್ಳುವುದು ನಮ್ಮಲ್ಲಿ ಮರ್ಯಾದೆ. ಹೊಸದಾಗಿ ಮದುವೆಯಾದವರ ಮನೆಯಲ್ಲಿ ಮೊದಲ ವರ್ಷ ಕಾಫಿಪುಡಿ ತರುವುದಿಲ್ಲ, ಹಿರಿಯರೇ ಬೇಡವೆನ್ನುತ್ತಾರೆ.

ಕುಡಿಯುವವರಿಗೆ ಮಾತ್ರ ಸೋದರಮಾವ ಕಾಫಿಯೇ ಆಗಬೇಕು. ಊರಿನಲ್ಲಿ ಅದರ ಐದು ಅಂಗಡಿಗಳಿವೆ. ಐದರ ಬೋರ್ಡಿನ ಮೇಲೂ ಕರೀ ಟೋಪಿ, ದಪ್ಪ ಮೀಸೆಯ ಒಬ್ಬನೇ ಮನುಷ್ಯ ಲೋಟ ಹಿಡಿದು ನಮ್ಮನ್ನು ಅನುಮಾನದಿಂದ ನೋಡುತ್ತಾನೆ. ಆತ ಯಾರ ಸೋದರಮಾವ ಎಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಪೇಟೆ ಬೀದಿಯ ಅಂಗಡಿಯಲ್ಲಿ, ಕಿಟಕಿಯ ಪಕ್ಕದ ಕಲ್ಲಿನ ಮೇಜು ನನ್ನದು. ನನ್ನದು ಎಂದು ನಾನು ಹೇಳಿದ್ದಲ್ಲ, ನಾನು ಏನನ್ನೂ ಹೇಳುವವನಲ್ಲ. ಊರೇ ಹಾಗೆ ತೀರ್ಮಾನಿಸಿತ್ತು.

ನನ್ನ ಹೆಸರು ಮಧುಕೇಶ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದುತ್ತೇನೆ. ವಯಸ್ಸು ಮೂವತ್ತೆಂಟು. ಇದುವರೆಗೆ ಸಾವಿರಾರು ಮದುವೆಗಳ ಅಕ್ಷರದೋಷ ಸರಿಪಡಿಸಿದ್ದೇನೆ, ನನ್ನ ಪತ್ರಿಕೆಯ ಕರಡು ಮಾತ್ರ ಇನ್ನೂ ಬಂದಿಲ್ಲ. ಕಾಲೇಜಿನ ದಿನಗಳಲ್ಲಿ ಮೌನದ ಬಗ್ಗೆ ಒಂದಿಷ್ಟು ಓದಿದ್ದೆ. ಓದಿದ್ದು ಅರ್ಥವಾಗಿತ್ತೋ ಇಲ್ಲವೋ, ಅಭ್ಯಾಸ ಮಾತ್ರ ಆಯಿತು. ಯಾರಾದರೂ ಏನಾದರೂ ಕೇಳಿದರೆ ಕಿಟಕಿಯಾಚೆ ನೋಡುತ್ತೇನೆ. ನೋಡಲು ಅಲ್ಲಿ ಎದುರಿನ ಛತ್ರಿ ರಿಪೇರಿ ಅಂಗಡಿ ಬಿಟ್ಟು ಬೇರೇನೂ ಇಲ್ಲ. ಆದರೂ ನೋಡುವ ರೀತಿಗೆ ಒಂದು ಗಾಂಭೀರ್ಯ ಬಂದುಬಿಟ್ಟಿತ್ತು.

ಮಾತೇ ಆಡದವನ ಕಾಫಿ ಆರುವುದು ಹೇಗೆ? ನನ್ನ ಲೋಟದಿಂದ ಸದಾ ಹಬೆ ಏಳುತ್ತಿತ್ತು. ಆ ಹಬೆ ನೋಡಿ ಊರಿನವರು ಮೋಸಹೋದರು. ಎಂಥ ಸತ್ಯವಂತ, ಹತ್ತು ವರ್ಷದಿಂದ ಒಂದು ದಿನವೂ ತಣ್ಣನೆಯ ಕಾಫಿ ಕುಡಿದವನಲ್ಲ ಎಂದು ಮಾತಾಯಿತು. ನಮ್ಮಲ್ಲಿ ಸಂಬಂಧ ಕುದುರಿಸುವಾಗ ಎರಡೂ ಕಡೆಯವರ ಕಾಫಿ ಮೊದಲ ಹತ್ತು ನಿಮಿಷದಲ್ಲೇ ಆರಿಹೋಗುವುದು ಮಾಮೂಲು. ಅದಕ್ಕೆ ನಡುವೆ ಒಬ್ಬರನ್ನು ಕೂರಿಸುವ ಪದ್ಧತಿಯಿದೆ. ಬಿಸಿಲೋಟದವರು ಎನ್ನುತ್ತಾರೆ. ಹಾಗೆ ಕೂರಲು ನನ್ನನ್ನು ಕರೆಯತೊಡಗಿದರು. ಹೋಗುತ್ತಿದ್ದೆ, ಜಮಖಾನದ ಮೇಲೆ ನಡುವೆ ಕೂರುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಹುಡುಗನ ತಂದೆ ಹುಡುಗ ಬೀಡಿ ಮುಟ್ಟುವುದಿಲ್ಲ ಎಂದು ಹೇಳಿ, ತನ್ನ ಲೋಟ ಬದಿಗಿಟ್ಟು ನನ್ನ ಲೋಟ ನೋಡುತ್ತಿದ್ದರು. ಹುಡುಗಿಯ ತಾಯಿಯೂ ನನ್ನ ಲೋಟವನ್ನೇ ನೋಡುತ್ತಿದ್ದರು. ಅದು ಹಬೆಯಾಡುತ್ತಿತ್ತು. ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಹೀಗೆ ನಾನು ಕೂಡಿಸಿದ ಮದುವೆಗಳಲ್ಲಿ ಕೆಲವು ಏನಾದವು ಎಂದು ಯೋಚಿಸಲು ನನಗೆ ಧೈರ್ಯವಿಲ್ಲ.

ಈ ಕೀರ್ತಿಯ ಎದುರಿನ ಕುರ್ಚಿಯಲ್ಲಿ ಆರು ವರ್ಷ ಕೂತವಳು ವಾರಿಜಾಕ್ಷಿ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಬೆಳಿಗ್ಗೆಯಿಂದ ಸಂತೆ, ದಿನಸಿ ಅಂಗಡಿ, ಸೀಮೆಎಣ್ಣೆ ಡಿಪೋ ಎಂದು ಸುತ್ತಿ, ತಕ್ಕಡಿಗಳನ್ನು ಪರೀಕ್ಷಿಸಿ, ಸರಿಯಿದ್ದ ತೂಕದ ಬಟ್ಟುಗಳಿಗೆ ಮುದ್ರೆ ಒತ್ತಿ, ಸರಿಯಿಲ್ಲದವನ್ನು ಜಪ್ತಿ ಮಾಡಿ ಸಂಜೆ ಐದಕ್ಕೆ ಬರುತ್ತಿದ್ದಳು. ಬಾಯಿ ತುಂಬ ನೀವು ಎಂದು ಕರೆಯುತ್ತಿದ್ದೆ, ಅಂದರೆ ಕರೆಯುವ ಸಂದರ್ಭ ಬಂದಾಗ. ಮನಸ್ಸಿನೊಳಗೆ ಅವಳು. ದಿನದ ಸುದ್ದಿಯೆಲ್ಲ ಅವಳೇ ಹೇಳುವಳು. ಅಕ್ಕಿ ವ್ಯಾಪಾರಿ ಬಟ್ಟಿನ ಅಡಿ ಕೊರೆದು ಅರಗು ತುಂಬಿದ್ದ, ಹೂವಿನವಳ ಮೊಳ ಕೈಯಿಂದ ಕೈಗೆ ಬೇರೆ ಬೇರೆ, ಹೀಗೆ. ನಾನು ತಲೆಯಾಡಿಸುತ್ತಿದ್ದೆ. ನಡುನಡುವೆ ಬೆರಳಿನ ಹಿಂಬದಿಯಿಂದ ಅವಳು ನನ್ನ ಲೋಟ ಮುಟ್ಟಿ ನೋಡುತ್ತಿದ್ದಳು, ಮಗುವಿನ ಜ್ವರ ನೋಡುವ ಹಾಗೆ. "ಬಿಸಿ ಇದೆ," ಎನ್ನುತ್ತಿದ್ದಳು. ಅದನ್ನು ನಾನು ಮೆಚ್ಚುಗೆಯೆಂದೇ ತಿಳಿದಿದ್ದೆ.

ಕಳೆದ ವರ್ಷ ಒಂದು ಸಂಜೆ ಅವಳು, "ದೇಶದ ಆ ತುದಿಯಲ್ಲಿ ನಮ್ಮ ಇಲಾಖೆದು ದೊಡ್ಡ ಪ್ರಯೋಗಾಲಯ ಇದೆ. ಎರಡು ವರ್ಷಕ್ಕೆ ಕಳಿಸ್ತಾರಂತೆ. ಅರ್ಜಿ ಹಾಕ್ಲಾ ಅಂತ ಯೋಚನೆ ಮಾಡ್ತಿದೀನಿ," ಎಂದಳು. ಎಂದು ಕಾದಳು. ನಾನು ಛತ್ರಿ ಅಂಗಡಿಯ ಕಡೆ ನೋಡಿದೆ. ಬಹಳ ಹೊತ್ತು ನೋಡಿದೆ. ಎರಡು ಛತ್ರಿಗಳು ರಿಪೇರಿಯಾದವು. ಅವಳು ಎದ್ದು ಹೋದಳು. ಆ ದಿನ ಮನೆಗೆ ಹೋಗಿ, ನಮ್ಮಿಬ್ಬರ ನಡುವೆ ಇವತ್ತು ಘಟಿಸಿದ ಮೌನ ಎಷ್ಟು ಆಳವಾಗಿತ್ತು ಎಂದು ಡೈರಿಯಲ್ಲಿ ಮೂರು ಪುಟ ಬರೆದೆ. ಅವಳು ಮಾರನೆಯ ದಿನ ಅರ್ಜಿ ಹಾಕಿದಳು.

ಹೊರಡುವ ದಿನ ಬಂತು. ವಿಮಾನ ಇದ್ದದ್ದು ದೊಡ್ಡ ನಗರದಿಂದ, ಬಸ್ಸಿನಲ್ಲಿ ಮೂರು ಗಂಟೆ ದಾರಿ, ಮಧ್ಯಾಹ್ನದ ವಿಮಾನ. ಕಳಿಸಿಕೊಡಲು ಬರುತ್ತೇನೆ ಎಂದೆ. ಈ ಮಾತನ್ನು ನಾನಾಗಿ ಆಡಿದ್ದಕ್ಕೆ ಅವಳು ಹುಬ್ಬೇರಿಸಿದಳು. ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ನಮ್ಮೂರು ದಾಟಿದರೆ ಸೋದರಮಾವ ಕಾಫಿ ಸಿಗುವುದಿಲ್ಲ. ಸುಳ್ಳಿಗೆ ಆರುವುದು ಅದರ ಪುಡಿಯೊಂದೇ, ಅದು ಸಿಗದ ಕಡೆ ಬಾಯಿಗೆ ಬಂದದ್ದು ಹೇಳಬಹುದು, ಯಾವ ಲೋಟವೂ ಅಡ್ಡ ಬರುವುದಿಲ್ಲ. ಒಂದು ವಾಕ್ಯ ಸಿದ್ಧಪಡಿಸಿಕೊಂಡಿದ್ದೆ. ನೀವು ಹೋಗುತ್ತಿರುವುದು ನನಗೆ ನಿಜವಾಗಿ ತುಂಬ ಸಂತೋಷ, ಇಷ್ಟೇ. ಚಿಕ್ಕದು, ದೊಡ್ಡಮನಸ್ಸಿನದು, ಅಕ್ಷರದೋಷವಿಲ್ಲದ್ದು. ಆಕೆ ಜೀವಮಾನವಿಡೀ ಅದನ್ನು ನೆನೆಯಬೇಕು, ನಾನು ಜೀವಮಾನವಿಡೀ ಆ ಕಲ್ಲಿನ ಮೇಜಿನ ಮುಂದೆ ಘನವಾಗಿ ನರಳಬೇಕು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಗುನುಗಿಕೊಂಡೆ.

"ಏನು ಮಂತ್ರ ಹೇಳ್ಕೋತಿದೀರ?" ಎಂದಳು ವಾರಿಜಾಕ್ಷಿ.

ನಾನು ಬಸ್ಸಿನ ಕಿಟಕಿಯಾಚೆ ನೋಡಿದೆ.

ವಿಮಾನ ನಿಲ್ದಾಣದಲ್ಲಿ ಒಳಗೆ ಹೋಗುವ ಗಾಜಿನ ಬಾಗಿಲಿಗೆ ಮೊದಲು ಒಂದು ದೊಡ್ಡ ಅಂಗಳ. ಕಳಿಸಲು ಬಂದವರು ಅಲ್ಲಿವರೆಗೆ ಮಾತ್ರ, ಆಚೆಗೆ ಟಿಕೆಟ್ ಇದ್ದವರು. ಅವಳದು ಒಂದು ಸೂಟ್‌ಕೇಸು, ಹೆಗಲಿಗೊಂದು ಚೀಲ. "ಇದನ್ನ ಅಲ್ಲಿ ತೂಕ ಹಾಕ್ತಾರಲ್ಲ?" ಎಂದು ನಾನು ಕೇಳಿದ್ದಕ್ಕೆ, "ಹದಿನಾಲ್ಕು ಕಿಲೋ ಆರುನೂರು. ಅವರ ಕಾಟಾ ಬೇರೆ ಏನಾದ್ರೂ ತೋರಿಸ್ಲಿ, ನೋಡ್ಕೋತೀನಿ," ಎಂದಳು. ಒಳಗೆ ಹೋಗಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಸುತ್ತ ಹತ್ತಾರು ಅಂಗಡಿಗಳು, ಎಲ್ಲವಕ್ಕೂ ನಾಲಿಗೆ ಹೊರಳದ ಹೆಸರುಗಳು. ನಾನು ನಿರಾಳವಾಗಿ ಕೆಮ್ಮಿ ಗಂಟಲು ಸರಿಮಾಡಿಕೊಂಡೆ, ನನ್ನ ವಾಕ್ಯಕ್ಕೆ ಹೊತ್ತು ಬಂದಿತ್ತು.

ಅಷ್ಟರಲ್ಲಿ ಅವಳು ನನ್ನ ತೋಳು ಹಿಡಿದು ಎಳೆದಳು. ಆರು ವರ್ಷದಲ್ಲಿ ಮೊದಲ ಸಲ.

"ಅಯ್ಯೋ, ಅಲ್ಲಿ ನೋಡಿ! ಅಲ್ಲಿ ನೋಡ್ರೀ!"

ಎರಡು ಅಂಗಡಿಗಳ ಸಂದಿಯಲ್ಲಿ, ದೀಪದ ಬೋರ್ಡಿನ ಮೇಲೆ, ಕರೀ ಟೋಪಿ, ದಪ್ಪ ಮೀಸೆ. ಇಲ್ಲಿಯ ಬಣ್ಣಗಾರ ಅವನ ಮುಖಕ್ಕೆ ಸ್ವಲ್ಪ ನಗು ಬರೆದಿದ್ದ, ಕಣ್ಣು ಮಾತ್ರ ಅವೇ. ಪರದೇಶದ ರಸ್ತೆಯಲ್ಲಿ ಮನೆಯವರೇ ಎದುರಾದ ಹಾಗೆ ನನ್ನ ಎದೆ ಒಂದು ಕ್ಷಣ ಉಬ್ಬಿತು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಮರುಕ್ಷಣ ನನ್ನ ವಾಕ್ಯ ನೆನಪಾಗಿ ಆ ನೀರು ಅಲ್ಲೇ ನಿಂತಿತು.

"ಬೇಡ ಬಿಡಿ, ಇಲ್ಲಿ ಚೆನ್ನಾಗಿರಲ್ಲ," ಎಂದೆ.

"ಸೋದರಮಾವ ಕಂಡೂ ಕುಡೀದೆ ಹೋಗೋದೇ?" ಎಂದು ಅವಳು ಸೂಟ್‌ಕೇಸು ಉರುಳಿಸಿಕೊಂಡು ಮುಂದೆ ಹೋಗಿಯಾಗಿತ್ತು.

ಕೌಂಟರಿನ ಹಿಂದೆ, ತಲೆಗೊಂದು ಹಸಿರು ಟೋಪಿ, ಎದೆಗೊಂದು ಹಸಿರು ಏಪ್ರನ್ ಕಟ್ಟಿಕೊಂಡು ನಿಂತವನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗುರುಮಲ್ಲಪ್ಪ. ನಮ್ಮ ಪೇಟೆ ಬೀದಿಯ ಅಂಗಡಿಯಲ್ಲಿ ಇಪ್ಪತ್ತು ವರ್ಷ ಡಿಕಾಕ್ಷನ್ ಇಳಿಸಿದವನು. ಎಂಟು ತಿಂಗಳಿಂದ ಕಾಣುತ್ತಿರಲಿಲ್ಲ.

"ಅಮ್ಮೋರೇ! ಮಧುಕೇಶಪ್ನೋರು! ನೀವ್ಯಾವಾಗ ಬಂದ್ರಿ?" ಎಂದು ಗುರುಮಲ್ಲಪ್ಪ ಕೌಂಟರಿನ ಮೇಲೆ ಅರ್ಧ ಬಗ್ಗಿದ. ಆಮೇಲೆ ಟೋಪಿ ನೆನಪಾಗಿ ತೆಗೆದ. "ಇದನ್ನ ನೋಡಬ್ಯಾಡಿ. ಹಾಕ್ಕಳ್ಳೇಬೇಕು ಅಂತಾನೆ ಮ್ಯಾನೇಜರು. ನನ್ ಹೆಂಡ್ತಿ ಫೋಟೋ ನೋಡಿ ಮೂರ್ ದಿನ ನಕ್ಕವ್ಳೆ."

"ಪುಡಿ ನಮ್ಮೂರದ್ದೇನಾ?" ಎಂದಳು ವಾರಿಜಾಕ್ಷಿ.

"ನಮ್ಮೂರದ್ದೇಯ. ದಿನಾ ಬೆಳಗ್ಗಿನ ಬಸ್ಸಲ್ಲಿ ಬತ್ತದೆ." ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಅದೇ ಫಜೀತಿ ಆಗಿರೋದು. ಇಲ್ಲಿ ಬರೋರೆಲ್ಲ ಕಳಿಸ್ಕೊಡೋಕೆ ಬಂದೋರು. ಇಬ್ಬಿಬ್ರು ನಿಂತ್ಕತರೆ. ದಿನಾ ಫೋನ್ ಮಾಡ್ತೀನಿ ಅಂತಾನೆ ಒಬ್ಬ. ನನ್ ಚಿಂತೆ ಮಾಡ್ಬೇಡ, ನಾನು ಚೆನ್ನಾಗೇ ಇರ್ತೀನಿ ಅಂತಾಳೆ ಇನ್ನೊಬ್ಳು. ಮುಂದಿನ ತಿಂಗ್ಳೇ ಬಂದ್ಬುಡ್ತೀನಿ. ಹಿಂಗೇ. ಒಂದ್ ಲೋಟನಾದ್ರೂ ಬಿಸಿ ಉಳಿದಾದಾ? ಎಲ್ಲಾ ವಾಪಸ್ ತಂದು ಕುಕ್ತಾರೆ, ತಣ್ಣಗದೆ, ತಣ್ಣಗದೆ ಅಂತ. ಮ್ಯಾನೇಜರು ಪರದೇಶದಿಂದ ಮಿಷನ್ನು ತರಿಸ್ದ, ಇನ್ನೂ ಬಿಸಿ ಮಾಡೋದಕ್ಕೆ. ಹಾಲು ಸೀದೋಯ್ತು, ಕಾಫಿ ತಣ್ಣಗೇ ಇತ್ತು."

"ಅವನಿಗೆ ಹೇಳೋದಲ್ವಾ, ವಿಷಯ ಹೀಗೆ ಅಂತ?"

"ಏನಂತ ಹೇಳ್ಲಿ ಅಮ್ಮೋರೇ? ನಿಮ್ ಗಿರಾಕಿಗಳೆಲ್ಲ ಸುಳ್ಳು ಬೊಗಳ್ತರೆ ಅಂತಲಾ?" ಗುರುಮಲ್ಲಪ್ಪ ಕೌಂಟರಿನ ಕೆಳಗೆ ಕೈಹಾಕಿ ಸ್ಟೀಲಿನ ಲೋಟಗಳನ್ನು ತೆಗೆದ. "ಕಾಗದದ ಲೋಟದಲ್ಲಿ ಮುಚ್ಚಳ ಹಾಕಿ ಕೊಡಬೇಕು ಅಂತ ರೂಲ್ಸು. ಊರೋರು ಬಂದ್ರೆ ಬೇಕಾಯ್ತದೆ ಅಂತ ಇವನ್ನ ತಂದಿಟ್ಟಿವ್ನಿ. ಇವತ್ತು ನಂಗೆ ಸುದಿನ. ಮಧುಕೇಶಪ್ನೋರ ಲೋಟ ಹಬೆಯಾಡ್ತಿರೋದ ನೋಡ್ಬೋದು. ಮ್ಯಾನೇಜರ್ಗೂ ಕರ್ದು ತೋರಿಸ್ತೀನಿ."

ಎರಡು ಲೋಟಗಳನ್ನು ತಂದು, ಕೌಂಟರಿನ ಪಕ್ಕದ ಎತ್ತರದ ಮೇಜಿನ ಮೇಲೆ ಇಟ್ಟ. ಕೂರಲು ಕುರ್ಚಿ ಇಲ್ಲದ ಮೇಜು. ನೊರೆಯ ಮೇಲೆ ಆ ಪರಿಚಿತ ವಾಸನೆ, ಚಿಕೋರಿ ಒಂದು ಕಾಳು ಹೆಚ್ಚು. ನಿಂತುಕೊಂಡೇ ಇಬ್ಬರೂ ಒಂದೊಂದು ಗುಟುಕು ಕುಡಿದೆವು. ಸುತ್ತ ಚಕ್ರದ ಪೆಟ್ಟಿಗೆಗಳ ಸದ್ದು. ವಾರಿಜಾಕ್ಷಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಈಗ ಹೇಳಿ. ನಾನು ಹೋಗ್ತಿರೋದು ನಿಮಗೆ ಹೇಗನ್ನಿಸ್ತಿದೆ?"

ನಾನು ಕಿಟಕಿ ಹುಡುಕಿದೆ. ಅಲ್ಲಿ ಕಿಟಕಿ ಇರಲಿಲ್ಲ, ನಾಲ್ಕೂ ಕಡೆ ಬಯಲು. ಎಲ್ಲಿ ನೋಡಿದರೂ ಯಾರೋ ಯಾರನ್ನೋ ತಬ್ಬಿಕೊಂಡು ನಿಂತಿದ್ದರು. ನನ್ನ ಲೋಟದಿಂದ ಹಬೆ ಏಳುತ್ತಿತ್ತು. ಗುರುಮಲ್ಲಪ್ಪ ಕೌಂಟರಿನ ಹಿಂದಿನಿಂದ ಆ ಹಬೆಯನ್ನು ದೇವರ ಮುಂದಿನ ಧೂಪದ ಹಾಗೆ ನೋಡುತ್ತಿದ್ದ.

ವಾರಿಜಾಕ್ಷಿ ಬೆರಳಿನ ಹಿಂಬದಿಯಿಂದ ನನ್ನ ಲೋಟ ಮುಟ್ಟಿದಳು. "ಬಿಸಿ ಇದೆ," ಎಂದಳು. ಆಮೇಲೆ ಬೆರಳು ತೆಗೆಯದೆ ಹೇಳಿದಳು: "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹದಿಮೂರು ವರ್ಷದಿಂದ ತಕ್ಕಡಿ ನೋಡ್ತಿದೀನಿ. ತಟ್ಟೇಲಿ ಏನೂ ಇಡದೆ ಹೋದ್ರೆ ಎಂಥ ಕಳ್ಳ ತಕ್ಕಡೀನೂ ನೆಟ್ಟಗೇ ನಿಂತಿರತ್ತೆ. ಅದಕ್ಕೆ ನಾವು ಖಾಲಿ ತಕ್ಕಡಿಗೆ ಮುದ್ರೆ ಒತ್ತಲ್ಲ. ಏನಾದ್ರೂ ಇಟ್ಟು ನೋಡ್ಬೇಕು. ಊರಿನೋರು ನಿಮಗೆ ಮುದ್ರೆ ಒತ್ತಿಬಿಟ್ಟಿದಾರೆ. ನಾನಿನ್ನೂ ಒತ್ತಿಲ್ಲ."

ನನಗೆ ಅವಮಾನವಾಯಿತು. ಆದದ್ದು ಒಳ್ಳೆಯದೇ ಆಯಿತೇನೋ, ಅವಮಾನವಾದವನು ಬಾಯಿ ಬಿಡುತ್ತಾನೆ. ಬಿಟ್ಟಾಗ ಮೂರು ಗಂಟೆ ಗುನುಗಿದ್ದ ವಾಕ್ಯವೇ ಹೊರಗೆ ಬಿತ್ತು.

"ನೀವು ಹೋಗ್ತಿರೋದು ನನಗೆ ನಿಜವಾಗಿ ತುಂಬ ಸಂತೋಷ."

ನಿಜವಾಗಿ ಎಂಬ ಪದದ ಹತ್ತಿರವೇ ಹಬೆ ನಿಂತಿತು. ಕೆನೆ ಸುಕ್ಕುಗಟ್ಟಿ ಒಂದು ಬದಿಗೆ ಜಾರಿತು. ಕೌಂಟರಿನ ಕಡೆಯಿಂದ "ಶಿವನೇ" ಎಂಬ ಸಣ್ಣ ದನಿ ಕೇಳಿಸಿತು. ಹತ್ತು ವರ್ಷ ನನಗೆ ಕಾಫಿ ಕೊಟ್ಟ ಮನುಷ್ಯ ಬಾಯಿಗೆ ಟೋಪಿ ಅಡ್ಡ ಹಿಡಿದುಕೊಂಡಿದ್ದ.

ವಾರಿಜಾಕ್ಷಿಗೆ ಸಿಟ್ಟು ಬರಲಿಲ್ಲ. ಅವಳ ಮುಖದಲ್ಲಿ ಒಂದು ಬೆಳಕೇ ಕಂಡಿತು. "ಸಂತೋಷ ಇಲ್ಲ ಹಾಗಾದ್ರೆ!" ಎಂದಳು. "ಗುರುಮಲ್ಲಪ್ನೋರೇ, ಇವರಿಗೆ ಇನ್ನೊಂದು ಕೊಡಿ."

ಇನ್ನೊಂದು ಬಂತು. ಈಗ ದಾರಿ ಸುಲಭ ಎಂದುಕೊಂಡೆ. ಸಂತೋಷ ಸುಳ್ಳಾದರೆ ಅದರ ವಿರುದ್ಧದ್ದು ನಿಜವಾಗಬೇಕು. ತರ್ಕ ಓದಿದವನು ನಾನು. ಎದೆಯುಬ್ಬಿಸಿ, ಸಿನಿಮಾದಲ್ಲಿ ಹೇಳುವ ಹಾಗೆ ಹೇಳಿದೆ.

"ನೀವು ಹೋಗಬಾರದು. ಇಲ್ಲೇ ಇರಬೇಕು ಅನ್ನೋದೇ ನನ್ನಾಸೆ."

ಲೋಟ ತಣ್ಣಗಾಯಿತು. ಇಬ್ಬರೂ ನೋಡುತ್ತ ನಿಂತೆವು. ಅವಳ ಮುಖದ ಬೆಳಕು ಎಲ್ಲಿ ಹೋಯಿತೋ. ನನಗೂ ಆಶ್ಚರ್ಯವಾಗಿತ್ತು, ಅದನ್ನು ಮುಚ್ಚಿಕೊಳ್ಳಲು ಕೌಂಟರಿನ ಕಡೆ ತಿರುಗಿದೆ.

"ಏನ್ರೀ ಇದು? ಡಿಕಾಕ್ಷನ್ ಹಳೇದು ಹಾಕಿದೀರ?"

"ಡಿಕಾಕ್ಷನ್ ಮ್ಯಾಲೆ ಹಾಕ್ಬ್ಯಾಡಿ ಸಾಮಿ," ಎಂದ ಗುರುಮಲ್ಲಪ್ಪ. ಅಪ್ನೋರು ಹೋಗಿ ಸಾಮಿ ಆಗಿತ್ತು. "ಈಗ್ ತಾನೆ ಇಳಿಸಿರೋದು. ಬೇಕಾದ್ರೆ ಅಮ್ಮೋರ ಲೋಟ ನೋಡಿ, ಹೆಂಗದೆ."

ಅವಳ ಲೋಟ ಹಬೆಯಾಡುತ್ತಿತ್ತು. ಮೂರನೆಯದು ಬಂತು. ನಾನು ಗಾಬರಿಯಲ್ಲಿದ್ದೆ. "ನಾನೂ ನಿಮ್ಮ ಜೊತೆ ಬರ್ತೀ" ಎನ್ನುವಷ್ಟರಲ್ಲೇ ಅದು ಕೈಕೊಟ್ಟಿತು, ವಾಕ್ಯ ಮುಗಿಸುವ ತೊಂದರೆಯೂ ತಪ್ಪಿತು. ನಾಲ್ಕನೆಯ ಲೋಟಕ್ಕೆ ನನ್ನ ಎಂ.ಎ. ನೆರವಿಗೆ ಬಂತು. "ಒಂದು ರೀತಿಯಲ್ಲಿ ನೋಡಿದರೆ ಅಗಲಿಕೆಯೂ ಸಾಮೀಪ್ಯದ್ದೇ ಇನ್ನೊಂದು ರೂಪ," ಎಂದೆ. ಅದರ ಮೇಲೆ ಕಟ್ಟಿದ ಕೆನೆ ಎಷ್ಟು ದಪ್ಪಗಿತ್ತೆಂದರೆ ಬೆರಳಲ್ಲಿ ಎತ್ತಿ ಒಣಹಾಕಬಹುದಿತ್ತು.

"ನನ್ನ ಸರ್ವೀಸಲ್ಲೇ ಇಷ್ಟು ಬಿರ್ರನೆ ಆರಿದ್ದು ಇದೇ ಮೊದ್ಲು," ಎಂದ ಗುರುಮಲ್ಲಪ್ಪ, ಯಾರಿಗೂ ಅಲ್ಲದ ಹಾಗೆ.

ನಾಲ್ಕು ತಣ್ಣನೆಯ ಲೋಟಗಳು ಮೇಜಿನ ಮೇಲೆ ಸಾಲಾಗಿ ನಿಂತವು. ಹತ್ತಿರದ ಮೇಜಿನವರು ನಮ್ಮನ್ನೇ ನೋಡುತ್ತಿದ್ದರು. ಮೇಲೆ ಎಲ್ಲೋ ಒಂದು ಹೆಣ್ಣುದನಿ ವಿಮಾನಗಳ ಹೆಸರು ಕೂಗುತ್ತಿತ್ತು. ವಾರಿಜಾಕ್ಷಿ ಗಡಿಯಾರ ನೋಡಿಕೊಂಡಳು. ಚೀಲದ ಪಟ್ಟಿ ಹೆಗಲಿಗೆ ಏರಿಸಿದಳು. ಸೂಟ್‌ಕೇಸಿನ ಹಿಡಿ ಎಳೆದಳು. ಅವಳ ಮುಖದಲ್ಲಿ ಈಗ ನಾನು ನೋಡಿದ್ದು ಸಿಟ್ಟೂ ಅಲ್ಲ, ದುಃಖವೂ ಅಲ್ಲ. ಜಪ್ತಿ ಮಾಡಬೇಕೋ ಬೇಡವೋ ಎಂದು ಯೋಚಿಸಿ, ಹೋಗಲಿ ಬಿಡು ಎಂದುಕೊಂಡ ಅಧಿಕಾರಿಯ ಮುಖ.

"ಸರಿ," ಎಂದಳು. "ಬಸ್ಸು ಮೂರು ಗಂಟೆಗಿದೆ ನಿಮಗೆ. ಊಟ ಮಾಡ್ಕೊಂಡು ಹೋಗಿ."

ಗುರುಮಲ್ಲಪ್ಪ ನಾನು ಕೇಳದೆಯೇ ಐದನೆಯದನ್ನು ತಂದಿಟ್ಟ. ಸ್ಟೀಲಿನ ಲೋಟ ಮುಗಿದು ಕಾಗದದ್ದು ಬಂದಿತ್ತು. ಮುಚ್ಚಳ ಮಾತ್ರ ಹಾಕಿರಲಿಲ್ಲ. "ಇನ್ನೊಂದ್ ಸಲ ನೋಡಿ ಸಾಮಿ," ಎಂದು ಪಿಸುಗುಟ್ಟಿದ. "ದೊಡ್ಡ್ ದೊಡ್ಡ್ ಮಾತು ಬ್ಯಾಡ. ಸಣ್ಣದೇನಾದ್ರೂ ಇದ್ರೆ ನೋಡಿ."

ಸಣ್ಣದು. ನಾನು ಒಳಗೆಲ್ಲ ತಡಕಾಡಿದೆ. ದೊಡ್ಡದರ ಅಭ್ಯಾಸ ಇದ್ದವನಿಗೆ ಸಣ್ಣದು ಬೇಗ ಸಿಗುವುದಿಲ್ಲ. ಅವಳು ಎರಡು ಹೆಜ್ಜೆ ನಡೆದಾಗಿತ್ತು. ಸೂಟ್‌ಕೇಸಿನ ಒಂದು ಚಕ್ರ ಕಿರುಗುಟ್ಟುತ್ತಿತ್ತು.

"ನನಗೆ ಭಯ ಆಗ್ತಿದೆ," ಎಂದೆ.

ಚಕ್ರ ನಿಂತಿತು. ನಾನು ಲೋಟ ನೋಡಲಿಲ್ಲ. ನೋಡಿದರೆ ನಿಲ್ಲಿಸಿಬಿಡುತ್ತೇನೆಂದು ಗೊತ್ತಿತ್ತು.

"ನಾಳೆ ಐದು ಗಂಟೆಗೆ ಏನು ಮಾಡ್ಬೇಕು ಗೊತ್ತಿಲ್ಲ. ನೀವು ಇರ್ಬೇಕು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಅದಲ್ಲ ಅಂತ ಈಗ ಗೊತ್ತಾಯ್ತು. ಎದುರಿಗೆ ಯಾರಾದ್ರೂ ಕೂತು ಮಾತಾಡ್ತಾ ಇದ್ರೆ ನಾನು ಮಾತಾಡೋದು ತಪ್ತಿತ್ತು. ಅಷ್ಟೇ ಬೇಕಿತ್ತು ನನಗೆ. ಆ ಅಕ್ಕಿ ವ್ಯಾಪಾರಿ ಕಥೆ ನಾನು ಪೂರ್ತಿ ಕೇಳ್ಲೇ ಇಲ್ಲ. ತಲೆ ಆಡಿಸ್ದೆ. ನೀವು ಅರ್ಜಿ ವಿಷಯ ಹೇಳಿದ ದಿನ ನಾನು ಗಹನವಾಗಿ ಏನೂ ಯೋಚಿಸ್ತಿರ್ಲಿಲ್ಲ. ಛತ್ರಿ ಎಣಿಸ್ತಿದ್ದೆ. ಎರಡು."

ಇಷ್ಟು ಉದ್ದ ನಾನು ಮೌಖಿಕ ಪರೀಕ್ಷೆಯಲ್ಲೂ ಮಾತಾಡಿದವನಲ್ಲ.

"ಆಮೇಲೆ ಅವನ ಬಟ್ಟು ಏನಾಯ್ತು? ಅರಗು ತುಂಬಿದ್ನಲ್ಲ, ಅವನದು. ಈಗ ತಿಳ್ಕೋಬೇಕು ಅನ್ನಿಸ್ತಿದೆ. ಯಾಕೋ ಗೊತ್ತಿಲ್ಲ."

ವಾರಿಜಾಕ್ಷಿ ತಿರುಗಿ ಬಂದಳು. ನನ್ನ ಮುಖ ನೋಡಲಿಲ್ಲ, ನೇರವಾಗಿ ಲೋಟದ ಹತ್ತಿರ ಬಂದಳು. ಕಾಗದದ ಲೋಟದಿಂದ ದಪ್ಪಗೆ ಹಬೆ ಏಳುತ್ತಿತ್ತು. ಬೆರಳಿನ ಹಿಂಬದಿಯಿಂದ ಮುಟ್ಟಿ, ಚುರ್ರೆಂದು ತೆಗೆದು ಬಾಯಲ್ಲಿಟ್ಟುಕೊಂಡಳು.

"ಅಬ್ಬ!" ಎಂದಳು.

ಅವಳ ಲೋಟದಲ್ಲಿ ಇನ್ನೂ ಅರ್ಧ ಕಾಫಿಯಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, "ಇದನ್ನೇ ಒಂದು ವರ್ಷದ ಹಿಂದೆ ಹೇಳಿದ್ರೆ ನಾನು ಅರ್ಜಿನೇ ಹಾಕ್ತಿರ್ಲಿಲ್ಲ," ಎಂದಳು. ಎಂದವಳೇ ಲೋಟದೊಳಗೆ ಇಣುಕಿ ನೋಡಿದಳು. ನಾನೂ ಇಣುಕಿದೆ. ಕೆನೆ ಕಟ್ಟಿತ್ತು.

ಅವಳು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಚೀಲ ಹೆಗಲಿನಿಂದ ಜಾರುವ ಹಾಗೆ ನಕ್ಕಳು. "ಹಾಕೇ ಹಾಕ್ತಿದ್ದೆ ನೋಡಿ! ನನಗೇ ಗೊತ್ತಿರ್ಲಿಲ್ಲ! ನಿಮ್ಮ ಮೇಲೆ ಎಂಥ ಕೋಪ ಇಟ್ಕೊಂಡಿದ್ದೆ ಗೊತ್ತಾ ಒಂದು ವರ್ಷ? ಇವರಿಂದ ನಾನು ಊರು ಬಿಡ್ಬೇಕಾಯ್ತು ಅಂತ."

"ನನ್ನಿಂದ ಅಲ್ವಾ?" ಎಂದೆ. ಸ್ವಲ್ಪ ನಿರಾಸೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಹೆಣ್ಣೊಬ್ಬಳನ್ನು ದೇಶದ ತುದಿಗೆ ಅಟ್ಟುವಷ್ಟು ಶಕ್ತಿ ನನ್ನ ಮೌನಕ್ಕಿದೆ ಎಂಬ ಒಂದು ಹೆಮ್ಮೆ ನನಗೆ ಉಳಿದಿತ್ತು.

"ಇಲ್ಲ ಮಾರಾಯ್ರೇ. ನನಗೆ ಆ ಪ್ರಯೋಗಾಲಯ ನೋಡ್ಬೇಕು. ಅಲ್ಲಿ ಕೂದಲಿನ ತೂಕ ನೋಡೋ ತಕ್ಕಡಿ ಇದೆಯಂತೆ." ಅವಳು ಕಣ್ಣೊರೆಸಿಕೊಂಡಳು. "ಅರಗಿನ ಬಟ್ಟಿನ ಕಥೆ ದೊಡ್ಡದು. ಈಗ ಹೇಳೋಕೆ ಹೊತ್ತಿಲ್ಲ. ಫೋನ್ ಮಾಡಿ ಕೇಳಿ. ಮಾಡಿ ಸುಮ್ಮನೆ ಉಸಿರಾಡ್ತಾ ಕೂರೋದಲ್ಲ, ಮಾತಾಡ್ಬೇಕು. ಮಾಡ್ತೀರಾ?"

"ಮಾಡ್ತೀನಿ," ಎಂದೆ.

ಮೂವರೂ ಕಾಗದದ ಲೋಟದ ಮೇಲೆ ಬಗ್ಗಿದೆವು. ಗುರುಮಲ್ಲಪ್ಪ ಕೌಂಟರು ಬಿಟ್ಟು ಬಂದೇಬಿಟ್ಟಿದ್ದ. ಹಬೆ ಇರಲಿಲ್ಲ, ಕೆನೆಯೂ ಕಟ್ಟಿರಲಿಲ್ಲ. ಅವನು ಏಪ್ರನ್ನಿಗೆ ಕೈ ಒರೆಸಿಕೊಂಡು ಲೋಟಕ್ಕೆ ಅಂಗೈ ಹಿಡಿದ. ಮತ್ತೆ ಇನ್ನೊಂದು ಅಂಗೈ ಹಿಡಿದ.

"ಉಗುರುಬೆಚ್ಚಗದೆ," ಎಂದ. "ಬಿಸಿನೂ ಅಲ್ಲ, ತಣ್ಣಗೂ ಅಲ್ಲ. ಇಂಥದ್ದು ನಾ ಕಂಡೇ ಇಲ್ಲ ಅಮ್ಮೋರೇ. ಏನನ್ನಬೇಕೋ ಇದ್ಕೆ."

ವಾರಿಜಾಕ್ಷಿಯೂ ಮುಟ್ಟಿದಳು. ತಲೆ ಓರೆ ಮಾಡಿ, ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಕಾಯುವವಳ ಹಾಗೆ ಮುಟ್ಟಿಕೊಂಡೇ ನಿಂತಳು. ಆಮೇಲೆ ಅವಳು ಆ ಲೋಟ ಎತ್ತಿ, ಒಂದೇ ಉಸಿರಿಗೆ ತಳದವರೆಗೆ ಕುಡಿದು, ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟಳು.

"ಕುಡಿಯೋ ಹಾಗಿದೆ," ಎಂದು ತುಟಿ ಒರೆಸಿಕೊಂಡು ಹೊರಟಳು.

ಗಾಜಿನ ಬಾಗಿಲಿನಲ್ಲಿ ಪೊಲೀಸು ಅವಳ ಟಿಕೆಟ್ಟು ನೋಡಿದ, ಮುಖ ನೋಡಿದ, ಒಳಗೆ ಬಿಟ್ಟ. ಗಾಜಿನಾಚೆ ಅವಳು ಸಾಲಿನಲ್ಲಿ ನಿಂತದ್ದು ಕಾಣುತ್ತಿತ್ತು. ಗುರುಮಲ್ಲಪ್ಪ ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು ಕಸದ ಬುಟ್ಟಿಗೆ ಹಾಕಿದ, ಟೋಪಿ ಹಾಕಿಕೊಂಡು ಮುಂದಿನ ಗಿರಾಕಿಯ ಕಡೆ ಹೋದ. ಮೇಜಿನ ಮುಂದೆ ನಾನೊಬ್ಬನೇ. ಫೋನು ನಾಳೆ ಮಾಡಿದರಾಯಿತು ಎಂದುಕೊಂಡೆ. ತಲುಪಿದ ಮೇಲೆ ಮಾಡಿದರಾಯಿತು. ಮೊದಲು ಏನು ಹೇಳಬೇಕೆಂದು ಒಂದು ಕರಡು ಬರೆದುಕೊಂಡು, ತಿದ್ದಿಕೊಂಡು. ಹೀಗೆ ಯೋಚಿಸುತ್ತ ನಿಂತರೆ ಎರಡು ವರ್ಷ ಕಳೆಯುವುದು ಕಷ್ಟವೇನಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಆ ವಿಷಯದಲ್ಲಿ ನನಗೆ ಅನುಭವವಿದೆ. ಜೇಬಿಗೆ ಕೈಹಾಕಿ ಫೋನು ತೆಗೆದು ಅವಳ ಹೆಸರು ಒತ್ತಿದೆ.

ಗಾಜಿನಾಚೆ ಅವಳು ಚೀಲದಲ್ಲಿ ತಡಕಾಡಿ ಫೋನು ಕಿವಿಗಿಟ್ಟುಕೊಂಡಳು. ನನ್ನ ಕಡೆ ತಿರುಗಿದಳು.

"ಏನ್ರೀ? ಏನಾಯ್ತು?"

ಏನಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಾಗಿತ್ತು. ನನ್ನ ಕೈಯಲ್ಲಿ ಲೋಟ ಇರಲಿಲ್ಲ. ಅಂದಿದ್ದರೆ ಯಾವುದೂ ಆರುತ್ತಿರಲಿಲ್ಲ.

"ಏನೋ ಇದೆ," ಎಂದೆ. "ತಾಳಿ, ಹೇಳ್ತೀನಿ."